ಊಟಕ್ಕ ಏಳ್ರಿ ಎನ್ನದ ಮಧ್ಯಾಹ್ನ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಕೆಲಸಕ್ಕೆ ಸೇರಿದ ದಿನದಿಂದ ನಾನು ದಿನಚರಿ ಬರೆದಿದ್ದೇನೆ. ಆದರೆ ದಿನಚರಿ ಬರೆಯುವವರ ನೆನಪು ಗಟ್ಟಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬರೆದಿಟ್ಟದ್ದಷ್ಟೇ ನಡೆದದ್ದು ಎಂದು ನಂಬಿಬಿಡುವ ಅಪಾಯ ನಮ್ಮಂಥವರಿಗೇ ಹೆಚ್ಚು. ನಾನು ಹೇಳಹೊರಟ ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಎರಡು ಸಾಲುಗಳಿವೆ: "ಪುಲಾವ್ ಎರಡು ಸಲ ತುಂಬಿಸಿದೆ. ಎಲ್ಲ ಸುಸೂತ್ರ." ಮೊದಲ ಸಾಲು ನಿಜವಿರಬೇಕು. ಎರಡನೆಯದು ಸುಳ್ಳು.

ಹೋಟೆಲ್ ಕೆಲಸಕ್ಕೆ ಸೇರುವ ಹುಡುಗಿಯರು ಈಗಲೂ ಗೋವಾದ ಫಾತೋರ್ಡಾದಲ್ಲಿರುವ ನಮ್ಮ ಮನೆಗೆ ಬಂದು, ಕೆಲಸ ಹೇಗಿರುತ್ತದೆ ಹೇಳಿ ಎನ್ನುತ್ತಾರೆ. ಕಾಲು ಊದಿಕೊಳ್ಳುವುದು, ಹಬ್ಬಕ್ಕೆ ರಜೆ ಸಿಗದಿರುವುದು ಅವರಿಗೆ ತಾನಾಗಿ ತಿಳಿಯುತ್ತದೆ. ನಾನು ಇಪ್ಪತ್ತೆರಡು ವರ್ಷ ಬಫೆ ಊಟದ ಹಾಲ್‌ನಲ್ಲಿ ನಿಂತೆ. ಎಷ್ಟು ಜನ ಉಂಡು ಹೋದರೋ ಲೆಕ್ಕವಿಲ್ಲ. ಒಬ್ಬ ಹೆಂಗಸು ಮಾತ್ರ ನನ್ನ ಕಣ್ಣೆದುರೇ ಉಣ್ಣದೆ ಎದ್ದು ಹೋದಳು. ಆಕೆ ನನ್ನ ಅಕ್ಕನ ಮಗಳಿಗೆ ಅತ್ತೆಯಾಗಲಿದ್ದವಳು. ಅದರಿಂದ ಅಕ್ಕ ಏನು ಕಳೆದುಕೊಂಡಳು ಎಂಬುದನ್ನು ಬಿಟ್ಟು ನನ್ನ ಕೆಲಸದ ಬಗ್ಗೆ ಬೇರೇನು ಹೇಳಿದರೂ ಅರ್ಧ ಹೇಳಿದಂತೆ.

ನಾನು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು. ಮಡಗಾಂವಿನಲ್ಲಿ ಕಾಗದ-ಪುಸ್ತಕದ ಅಂಗಡಿ ಇಟ್ಟಿದ್ದ ಬೆಳಗಾವಿಯವರನ್ನು ಮದುವೆಯಾಗಿ ಗೋವಾಕ್ಕೆ ಬಂದೆ. ಅಕ್ಕ ಗಂಗಾ ನನಗಿಂತ ಮೊದಲೇ ಇಲ್ಲಿಗೆ ಬಂದಿದ್ದಳು. ಭಾವನದು ವಾಳಪೈಯಲ್ಲಿ ಕಿರಾಣಿ ಅಂಗಡಿ. ಎಂಬತ್ತರ ದಶಕದ ನಡುವೆ ಸಮುದ್ರದಂಡೆಯಲ್ಲಿ ಹೊಸ ಹೋಟೆಲೊಂದು ಎದ್ದಿತು. ವಿಮಾನ ತುಂಬ ವಿದೇಶಿಯರು ಬಂದಿಳಿಯತೊಡಗಿದ ಕಾಲ ಅದು. ಅವರಿಗೆ ಭಾರತದ ಊಟವನ್ನು ಬಫೆಯಲ್ಲಿಟ್ಟು, ಯಾವುದು ಏನೆಂದು ವಿವರಿಸಲು ಇಂಗ್ಲಿಷ್ ಬಲ್ಲ ಹೆಂಗಸು ಬೇಕೆಂದರು. ನಾನು ಹೋದೆ.

ಮೊದಲ ತಿಂಗಳಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ವಯಸ್ಸಾದ ವಿದೇಶಿ ಹೆಂಗಸೊಬ್ಬಳು ಶಾವಿಗೆ ಪಾಯಸ ಬಹಳ ಚೆನ್ನಾಗಿದೆ ಎಂದಳು. ನಾನು ಸಂತೋಷದಿಂದ ಸೌಟು ತುಂಬಿ ಅವಳ ಮೇಜಿಗೇ ಒಯ್ದೆ. ಅವಳು ಬೇಡವೆಂದು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದಳು. ನಮ್ಮ ಪಂಕ್ತಿಯಲ್ಲಿ ಕೈ ಅಡ್ಡ ಹಿಡಿಯುವುದು ಬೇಡ ಎಂದಲ್ಲ. ಇನ್ನೊಂದು ಸಲ ಹೇಳು ಎಂದು. ಎರಡನೇ ಸಲಕ್ಕೆ ಬೆರಳು ಸಡಿಲವಾಗುತ್ತವೆ, ಮೂರನೇ ಸಲಕ್ಕೆ ಕೈ ಸರಿಯುತ್ತದೆ, ಬಡಿಸುವವರು ಗೆಲ್ಲುತ್ತಾರೆ. ನಾನು ಅದೇ ಲೆಕ್ಕದಲ್ಲಿ ಎರಡು ಸಲ ಒತ್ತಾಯ ಮಾಡಿ, ಮೂರನೆಯ ಸಲ ಸೌಟು ಬಗ್ಗಿಸಿದೆ. ಆಕೆ ಕೈ ತೆಗೆಯಲಿಲ್ಲ. ಬಿಸಿ ಪಾಯಸ ಅವಳ ಬೆರಳ ಮೇಲೆ ಸುರಿಯಿತು.

ನಮ್ಮ ಮ್ಯಾನೇಜರ್ ಗೋವಾದವರೇ, ಹಡಗಿನ ಅಡುಗೆಮನೆಯಲ್ಲಿ ಪಳಗಿ ಬಂದವರು. ಯಾರನ್ನೂ ಎಲ್ಲರೆದುರು ಬೈದವರಲ್ಲ. ನನ್ನನ್ನು ಪಾತ್ರೆ ತೊಳೆಯುವ ಕೋಣೆಯ ಹಿಂದೆ ಕರೆದು, "ಕಿತೆಂ ಗೋ ಬಾಯ್, ಏನಮ್ಮಾ, ಇದು ನಿಮ್ಮ ಮದುವೆ ಮನೆಯೇ?" ಎಂದರು. ಆಮೇಲೆ ಮೆಲ್ಲಗೆ ತಿಳಿಹೇಳಿದರು. ಬಫೆಯಲ್ಲಿ ಯಾರನ್ನೂ ಉಣ್ಣು ಎನ್ನಬಾರದು, ಸಾಕೇ ಎಂದೂ ಕೇಳಬಾರದು. ತಟ್ಟೆ ಅತಿಥಿಯದು, ಹೊಟ್ಟೆಯೂ ಅವನದೇ. ಎರಡು ಮಾರು ದೂರ ನಿಂತಿರು. ಕಣ್ಣಿಗೆ ಕಣ್ಣು ಕೂಡಿದರೆ ಮಾತ್ರ ಹತ್ತಿರ ಹೋಗು.

ಅವರು ಹೇಳಿದ್ದು ಆ ಜನಕ್ಕೆ ಸರಿಯಾಗಿಯೇ ಇತ್ತು. ಒಬ್ಬರು ಕಲಿಸಿದ ಪಾಠ ಎಲ್ಲ ಕಡೆಗೂ ಹೊಂದುತ್ತದೆಯೇ ಎಂದು ನಾನು ಮಾತ್ರ ಯೋಚಿಸಲಿಲ್ಲ. ಎರಡು ವರ್ಷದಲ್ಲಿ ಹೊಸಬರಿಗೆ ಆ ಎರಡು ಮಾರಿನ ದೂರ ಕಲಿಸುವವಳು ನಾನೇ ಆದೆ. ಒತ್ತಾಯ ಮಾಡುವವರನ್ನು ಕಂಡರೆ ಒಳಗೊಳಗೇ ನಗು ಬರುತ್ತಿತ್ತು.

ಬಿಜಾಪುರದ ಕಡೆಯ ದಸ್ತಗೀರ ನಮ್ಮ ಹಳೆಯ ಸ್ಟೀವರ್ಡ್. ಅವನ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಬಂದವರು. ಅವನೊಡನೆ ಮಾತ್ರ ನಾನು ಹಾಲಿನಲ್ಲಿ ಕನ್ನಡ ಮಾತಾಡುತ್ತಿದ್ದೆ, ಅದೂ ಮೆಲ್ಲಗೆ. ಒಮ್ಮೆ ಸಾಂಕೋಲೆಯ ಕಾರ್ಖಾನೆಯೊಂದು ತನ್ನ ಕೆಲಸಗಾರರಿಗೆ ನಮ್ಮಲ್ಲಿ ಊಟ ಇಟ್ಟಿತು. ಮುಕ್ಕಾಲು ಪಾಲು ನಮ್ಮ ಕಡೆಯವರೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು. ಮುಚ್ಚಳ ತೆಗೆದ ಪಾತ್ರೆಗಳಿಂದ ಹಬೆ ಏಳುತ್ತಿತ್ತು. ಒಬ್ಬರೂ ಮುಂದೆ ಬರಲಿಲ್ಲ. ಹದಿನೈದು ನಿಮಿಷ ಹೋಯಿತು. ನಾನು ಎರಡು ಮಾರು ದೂರದಲ್ಲಿ ನಿಂತೇ ಇದ್ದೆ.

ದಸ್ತಗೀರ ಬಂದು, "ಬಾಯಾರ, ಇವ್ರು ಬೆಳತನಕ ಹಿಂಗ ನಿಂದರತಾರ್ರಿ. ಯಾರರ ಒಬ್ರು ಬಾಯಿ ತಗೀಬೇಕು," ಎಂದ.

"ತಟ್ಟೆ ಅಲ್ಲೇ ಇಟ್ಟೈತಲ್ಲ. ತಗೊಳ್ಲಿ."

"ತಟ್ಟಿ ಮಾತಾಡ್ತೈತೇನ್ರಿ?" ಎಂದವನೇ ಅವರತ್ತ ತಿರುಗಿ, "ಬರ್ರೆಪ್ಪಾ, ಊಟಕ್ಕ ಏಳ್ರಿ. ಏ ಮಾವ, ನೀ ಮುಂದ ಆಗು, ಹಿಂದಿನವ್ರು ನಿನ್ನ ಹೊಟ್ಟಿ ನೋಡಕೋತ ನಿಂತಾರ," ಎಂದು ಕೂಗಿದ. ಎಲ್ಲರೂ ನಕ್ಕರು. ಗೋಡೆ ಬಿಟ್ಟು ಬಂದರು.

ಆಗ ನಾನೂ ನಕ್ಕೆನೇ? ನಕ್ಕಿರಬೇಕು. ಮರುದಿನ ಮಾತ್ರ, ಹಾಲಿನಲ್ಲಿ ಕೂಗಬಾರದು ಎಂದು ದಸ್ತಗೀರನಿಗೆ ತಿಳಿಹೇಳಿದೆ. ಇದು ದಿನಚರಿಯಲ್ಲಿದೆ. ಕರೆಯದೆ ನಮ್ಮ ಜನ ಉಣ್ಣುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಆ ಪುಟವೇ ನನ್ನನ್ನು ಹಿಡಿದು ಕೊಡುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ಅಕ್ಕನ ಒಬ್ಬಳೇ ಮಗಳು ರೇಖಾಳಿಗೆ ಬೆಳಗಾವಿಯಿಂದ ಸಂಬಂಧ ಬಂತು. ಕಾಳಿನ ವ್ಯಾಪಾರದ ಮನೆತನ, ಹುಡುಗ ಒಳ್ಳೆಯವನು. ಭಾವ ತೀರಿಕೊಂಡು ಆಗ ಆರೇಳು ವರ್ಷ ಆಗಿತ್ತು. ಅಕ್ಕ ಒಬ್ಬಳೇ ಅಂಗಡಿ ನಡೆಸಿ ಮಗಳನ್ನು ಓದಿಸಿದ್ದಳು. ನಿಶ್ಚಯವನ್ನು ವಾಳಪೈಯಲ್ಲಿ, ಅಂಗಡಿಯ ಹಿಂದಿನ ಅಂಗಳದಲ್ಲಿ ಚಪ್ಪರ ಹಾಕಿ, ಪಂಕ್ತಿ ಕೂರಿಸಿ ಮಾಡಬೇಕೆಂದು ಅವಳ ಆಸೆ. ನಾನು ಬಿಡಲಿಲ್ಲ.

"ಬೆಳಗಾವ್ಯಾಗ ಎಲ್ಲಾರೂ ಚಪ್ಪರದಾಗ ಉಂಡೇ ಉಂಡಿರ್ತಾರ. ಸಮುದ್ರದ ಮುಂದ ಉಣ್ಣಲಿ," ಎಂದೆ.

"ನಿನ್ನ ಹೋಟೆಲ್‌ದಾಗ ನಿಂತ ಉಣ್ಣೂದಲ್ಲೇನ?"

"ಕುರ್ಚಿ ಇರ್ತಾವ, ಅಕ್ಕ. ಬೇಕಾದ್ದು ಹಾಕ್ಕೊಂಡು ಕುಂತ ಉಣ್ಣೂದು."

ಕೊನೆಗೆ ಅವಳು ಒಪ್ಪಿ, "ಬೀಗತಿಗೆ ಕುಂಕುಮಾ ಹಚ್ಚಿ ಊಟಕ್ಕ ಎಬ್ಬಿಸಾಕ ನೀನ ಆಗ್ಬೇಕವಾ. ನಾ ಮುಂದ ಬರಾಂಗಿಲ್ಲ," ಎಂದಳು. ಗಂಡ ಸತ್ತವಳು ಶುಭಕಾರ್ಯದಲ್ಲಿ ಕುಂಕುಮದ ಬಟ್ಟಲು ಹಿಡಿಯುವುದಿಲ್ಲ. ಆ ಪದ್ಧತಿಯ ಮೇಲೆ ನಾನು ಅವಳೊಡನೆ ಹಿಂದೆ ಜಗಳಾಡಿದ್ದೆ. ಅವಳು ಪಾಲಿಸುತ್ತಿದ್ದಳು, ಅಷ್ಟೇ. ಹೆಣ್ಣಿನ ಕಡೆಯ ಮುತ್ತೈದೆ ಬೀಗತಿಯ ಎದುರು ನಿಂತು, ಕುಂಕುಮ ಹಚ್ಚಿ, ಊಟಕ್ಕೆ ಏಳಿ ಎನ್ನಬೇಕು. ಅನ್ನುವವರೆಗೆ ಆಕೆ ಏಳುವುದಿಲ್ಲ. ನಮ್ಮ ಕಡೆ ಆ ಕೆಲಸಕ್ಕೆ ಇದ್ದವಳು ನಾನೊಬ್ಬಳೇ. "ಆತು ತಗೋ," ಎಂದೆ. ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ನೆನಪಿಲ್ಲದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರ್ ಸಣ್ಣ ಹಾಲನ್ನು ಪ್ರೀತಿಯಿಂದ ಬಿಟ್ಟುಕೊಟ್ಟರು. ಆದರೆ ಭಾನುವಾರ ಹೊಸ ವಿಮಾನದ ಜನ ಬರುವ ದಿನ, ರಜೆ ಇಲ್ಲ. ದೊಡ್ಡ ಹಾಲ್, ಸಣ್ಣ ಹಾಲ್ ಎರಡನ್ನೂ ನೋಡಿಕೊಳ್ಳುತ್ತೇನೆ ಎಂದು ನಾನೇ ಒಪ್ಪಿಕೊಂಡೆ. ಚೀಲದಲ್ಲಿ ರೇಷ್ಮೆ ಸೀರೆ ಇಟ್ಟುಕೊಂಡು ಹೋಗಿದ್ದೆ, ಉಡಲು ಹೊತ್ತಾಗಲಿಲ್ಲ. ಹೋಟೆಲಿನ ಸೀರೆಯಲ್ಲೇ, ಎದೆಯ ಮೇಲೆ ಹೆಸರಿನ ಬಿಲ್ಲೆ ಇಟ್ಟುಕೊಂಡೇ ನಿಶ್ಚಯಕ್ಕೆ ನಿಂತೆ.

ಬೀಗತಿ ಎತ್ತರದ ಹೆಂಗಸು, ಗಟ್ಟಿ ದನಿ. ಒಳಗೆ ಬಂದವರೇ ಸಾಲಾಗಿ ಇಟ್ಟ ಮುಚ್ಚಳದ ಪಾತ್ರೆಗಳನ್ನು ನೋಡಿ, ಪಕ್ಕದವರಿಗೆ, "ದನಾ ಗ್ವಾದಲಿಗೆ ಹೋಗಿ ಮೇದಂಗ ಆತಲ್ಲವಾ ಇದು," ಎಂದರು. ಕೆಲವರು ನಕ್ಕರು. ಮಾತು ನನ್ನ ಕಿವಿಗೆ ಬಿತ್ತು. ನಾನು ಮುಗುಳ್ನಕ್ಕು ಮುಂದೆ ಹೋದೆ. ಅದು ನನಗೆ ಅಭ್ಯಾಸವಾಗಿದ್ದ ನಗು.

ಉಂಗುರ ಬದಲಾಯಿಸಿದ್ದಾಯಿತು. ಪಾತ್ರೆಗಳ ಮುಚ್ಚಳ ತೆಗೆಸಿದೆ. ಗಂಡಸರು, ಹರೆಯದವರು ತಟ್ಟೆ ಹಿಡಿದು ನಡೆದರು. ಬೀಗತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಪರ್ಸ್ ಇಟ್ಟುಕೊಂಡು ಕೂತರು. ಏಳಲಿಲ್ಲ.

ನಾನು ದೊಡ್ಡ ಹಾಲಿಗೆ ಹೋಗಿ ಬಂದೆ. ಅವರು ಕೂತೇ ಇದ್ದರು. ಅಕ್ಕ ಹಾಲಿನ ಆ ತುದಿಯಲ್ಲಿ, ಕಂಬದ ಹತ್ತಿರ ನಿಂತಿದ್ದಳು. ನನ್ನತ್ತ ನೋಡಿದಳು. ನಾನು ಪುಲಾವಿನ ಪಾತ್ರೆ ತುಂಬಿಸಲು ಹೇಳಿದೆ.

ದಸ್ತಗೀರ ಬಂದ. "ಬಾಯಾರ, ಬೀಗರ ಅಮ್ಮಾರು ಇನ್ನೂ ಕುಂತಾರ್ರಿ. ಕರೀರಿ."

"ಬಫೆ ಐತಿ, ದಸ್ತಗೀರ. ಹಸಿವಾದ್ರ ತಾವ ಏಳ್ತಾರ."

ಅವನು ನನ್ನ ಮುಖ ನೋಡಿದ. "ನಾ ಕರೀಬೌದಿತ್ರಿ. ನಾ ಕರದ್ರ ನಡ್ಯಾಂಗಿಲ್ಲ," ಎಂದು ಹೋದ. ಇದು ನನ್ನ ನೆನಪು. ನಿವೃತ್ತನಾದ ಮೇಲೆ ಒಮ್ಮೆ ಸಿಕ್ಕಾಗ ದಸ್ತಗೀರ, "ಎರಡ ಸಲ ಹೇಳಿದ್ದೆನ್ರಿ ನಾ," ಎಂದ. ನನಗೆ ಒಂದೇ ಸಲ ನೆನಪಿದೆ. ಅವನದೇ ಸರಿಯಿರಬೇಕು.

ಯಾಕೆ ಹೋಗಲಿಲ್ಲ? ಇಷ್ಟು ವರ್ಷ ಇದಕ್ಕೆ ನಾನು ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ. ಕೈತುಂಬ ಕೆಲಸವಿತ್ತು ಎಂಬುದು ಮೊದಲನೆಯದು. ಇತ್ತು, ಆದರೆ ಹತ್ತು ಹೆಜ್ಜೆ ನಡೆಯಲಾಗದಷ್ಟು ಇರಲಿಲ್ಲ. ಆ ಹೊತ್ತಿಗೆ ಮ್ಯಾನೇಜರ್ ಮುಂಬೈಯಿಂದ ಬಂದ ಮಾಲೀಕರ ಕಡೆಯ ಇಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಹಾಲ್ ತೋರಿಸುತ್ತಿದ್ದರು. ಅವರೆದುರು ಹೋಟೆಲಿನ ಸೀರೆಯುಟ್ಟು, ಕುಂಕುಮದ ಬಟ್ಟಲು ಹಿಡಿದು, ಬಾಗಿ, ಏಳ್ರೀ ಎಂದು ಬೇಡಿಕೊಳ್ಳಲು ನಾಚಿಕೆಯಾಯಿತು ಎಂಬುದು ಎರಡನೆಯದು. ಅದೂ ನಿಜ. ಆದರೆ ಅವರು ಹೊರಟುಹೋದ ಮೇಲೂ ನಾನು ಹೋಗಲಿಲ್ಲವಲ್ಲ. ಹಾಗಾಗಿ ಮೂರನೆಯದನ್ನೂ ಬರೆಯಬೇಕು. ಗ್ವಾದಲಿ ಎಂದರಲ್ಲ, ಈಗ ತಾವಾಗಿಯೇ ಎದ್ದು ಬಂದು ತಟ್ಟೆ ಹಿಡಿಯಲಿ ಎಂದು ನಾನು ಕಾದೆ. ಎರಡು ಮಾರು ದೂರ ನಿಂತು, ಮುಗುಳ್ನಗುತ್ತ ಕಾದೆ. ಈ ಮೂರರಲ್ಲಿ ಯಾವುದು ಎಷ್ಟು ಪಾಲು ಎಂದು ಈಗ ಬೇರ್ಪಡಿಸಲಾರೆ. ಮೂರನೆಯದೇ ಹೆಚ್ಚು ಎಂದು ಅನುಮಾನ.

ಅವರು ಬರಲಿಲ್ಲ. ಎಲ್ಲರ ಊಟ ಮುಗಿದು, ಪಾತ್ರೆಯ ಕೆಳಗಿನ ದೀಪ ಆರಿಸುವಾಗ ಎದ್ದು ಸೀರೆ ಸರಿಮಾಡಿಕೊಂಡು, "ನಡೀರಿ, ಘಾಟ ಇಳಿದಂಗ ಅಲ್ಲ ಏರೂದು, ಹೊತ್ತಾಕ್ಕೈತಿ," ಎಂದರು. ಅಕ್ಕ ಅವರ ಹಿಂದೆ ಓಡಿದಳು. ನಾನೂ ಹೋದೆ. ಕಾರಿನ ಬಾಗಿಲು ಹಿಡಿದುಕೊಂಡು ಬೀಗತಿ ಅಕ್ಕನಿಗೆ ಸಮಾಧಾನದ ದನಿಯಲ್ಲೇ ಹೇಳಿದರು: "ನಿಮ್ಮಲ್ಲಿ ಅಡಗಿ ಭಾಳ ಇತ್ತ್ರಿ. ಕರಿಯೋ ಬಾಯಿ ಇರಲಿಲ್ಲ."

ಅಕ್ಕ ಕೈಮುಗಿದಳು. "ತಪ್ಪಾತ್ರೀ. ತಂಗಿ ಡ್ಯೂಟಿ ಮ್ಯಾಲಿದ್ಲು, ಆಕಿಗೆ ಗೊತ್ತಾಗಿಲ್ಲ. ನಂದ ತಪ್ಪು."

ನಾನು ಅಲ್ಲೇ ಪಕ್ಕದಲ್ಲಿದ್ದೆ. ಗೊತ್ತಿತ್ತು ಎಂದು ನಾನು ಹೇಳಬೇಕಿತ್ತು. ಅವರ ಮುಂದೆ ಕೈಮುಗಿದು, ಬೈಸಿಕೊಂಡು, ತಿರುಗಿ ಒಳಗೆ ಕರೆತಂದು ನಾನೇ ಬಡಿಸಬೇಕಿತ್ತು. ಹಾಗೆ ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಮಾಡಲಿಲ್ಲ. ಕಾರು ಹೋಯಿತು.

ಮಾತು ಮುರಿಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬೆಳಗಾವಿಯಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಬೀಗತಿ ಜಗಳದ ಹೆಂಗಸಲ್ಲ. ವಾಳಪೈಗೆ ಬಂದಾಗೆಲ್ಲ ಅಕ್ಕನನ್ನು ನಗುನಗುತ್ತ ಮಾತಾಡಿಸುತ್ತಿದ್ದರು, ನೀರು ಕುಡಿಯುತ್ತಿದ್ದರು, ಊಟಕ್ಕೆ ಮಾತ್ರ ಕೂರುತ್ತಿರಲಿಲ್ಲ. "ಈಗ ಹಸಿವಿಲ್ಲರೀ" ಎನ್ನುತ್ತಿದ್ದರು. ಅಕ್ಕ ನೆರೆಮನೆಯ ಮುತ್ತೈದೆಯರನ್ನು ಬರಮಾಡಿ ಅವರಿಂದ ಊಟಕ್ಕೆ ಕರೆಯಿಸಿದಳು. ಆಗಲೂ ಅದೇ ಮಾತು.

ಮರುವರ್ಷ ರೇಖಾ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಯಾರೂ ಕೇಳಬೇಕಾಗಿಲ್ಲದ ಮಾತು. ಅಕ್ಕ ಅಂಗಡಿಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದಳು. ಹಳೆಯ ಹತ್ತಿ ಸೀರೆಗಳನ್ನು ಒಗೆದು ಕೂಸಿನ ಬಟ್ಟೆಗೆ ಹರಿದಿಟ್ಟಳು. ತೊಟ್ಟಿಲಿನ ಹಗ್ಗ ಬದಲಾಯಿಸಿದಳು. ಏಳನೇ ತಿಂಗಳಲ್ಲಿ ಕರೆತರಲು ಹೋದಾಗ ಬೀಗತಿ ಬಾಗಿಲಿಗೇ ಬಂದು ಎದುರುಗೊಂಡರಂತೆ. "ಬರ್ರಿ, ಮೊದಲ ಊಟಕ್ಕ ಏಳ್ರಿ" ಎಂದು ಕೈ ಹಿಡಿದು ಕೂರಿಸಿ, ಬೇಡಬೇಡವೆಂದರೂ ಹೋಳಿಗೆಯ ಮೇಲೆ ತುಪ್ಪ ಹಾಕಿದರಂತೆ. ಕೈತೊಳೆದ ಮೇಲೆ, "ಬಾಣಂತನಾ ಇಲ್ಲೇ ಆಗಲ್ರಿ. ಕರದು ಹಾಕೋ ಮಂದಿ ಇದ್ದಲ್ಲಿ ಬಾಣಂತಿ ಇರಬೇಕು," ಎಂದರಂತೆ. ಅಕ್ಕ ಒಬ್ಬಳೇ ಬಸ್ಸು ಹತ್ತಿ ವಾಪಸು ಬಂದಳು.

ಹೆರಿಗೆ ಬೆಳಗಾವಿಯಲ್ಲಾಯಿತು. ಅಕ್ಕ ಬಾಣಂತಿಗೆಂದು ಅಂಟಿನ ಉಂಡಿಯ ಡಬ್ಬಿ ಒಯ್ದು ಎರಡು ದಿನ ಇದ್ದು ಬಂದಳು. ರೇಖಾಗೆ ಆಮೇಲೆ ಮಕ್ಕಳಾಗಲಿಲ್ಲ. ಒಬ್ಬಳೇ ಮಗಳ ಒಂದೇ ಬಾಣಂತನ ಅಕ್ಕನ ಕೈತಪ್ಪಿತು. ಕೂಸಿಗೆ ಎರೆಯಲಿಲ್ಲ, ಮಗಳ ತಲೆಗೆ ಎಣ್ಣೆ ಹಚ್ಚಲಿಲ್ಲ.

ಬೆಳಗಾವಿಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ನಾನು ಹಲವು ಸಲ ನಿರ್ಧರಿಸಿದೆ. ಅಂಥ ನಿರ್ಧಾರಗಳು ದಿನಚರಿಯಲ್ಲಿ ನಾಲ್ಕೈದು ಕಡೆ ಇವೆ. ಪ್ರತಿ ಸಲ ಪ್ರವಾಸಿಗರ ಕಾಲ ಮುಗಿಯಲಿ, ಮಳೆ ನಿಲ್ಲಲಿ, ರಜೆ ಸಿಗಲಿ ಎಂದು ಮುಂದೆ ಹಾಕಿದೆ. ಬೀಗತಿ ತೀರಿಕೊಂಡ ಸುದ್ದಿ ಬಂದಾಗ ನಾನು ಹೋಟೆಲಿನಲ್ಲೇ ಇದ್ದೆ.

ಕೆಲಸದ ರೀತಿಯನ್ನು ಮಾತ್ರ ಬದಲಾಯಿಸಿದೆ. ನಮ್ಮ ದೇಶದ ಜನ ಮದುವೆ, ಮುಂಜಿವೆ, ಸಭೆಗೆ ಬಂದಾಗ ಅವರ ಭಾಷೆ ಬಲ್ಲ ಒಬ್ಬರು ಪ್ರತಿ ಹಿರಿಯರ ಬಳಿ ಹೋಗಿ ಊಟಕ್ಕೆ ಕರೆಯಬೇಕು, ಏಳಲಾಗದವರಿಗೆ ಕೂತಲ್ಲೇ ಬಡಿಸಬೇಕು ಎಂದು ಕ್ರಮ ಮಾಡಿದೆ. ಹಳೆಯ ಮ್ಯಾನೇಜರ್ ಹೋಗಿ ಹೊಸಬರು ಬಂದಿದ್ದರು. ಅವರಿಗೆ ಇದು ಬಹಳ ಹಿಡಿಸಿತು. ಬೇರೆ ಹೋಟೆಲಿನವರನ್ನು ಕರೆತಂದು ತೋರಿಸಿದರು. ಇದನ್ನು ಎಲ್ಲಿ ಕಲಿತಿರಿ ಎಂದು ಒಬ್ಬರು ಕೇಳಿದರು. ನಮ್ಮ ಕಡೆಯ ಪದ್ಧತಿ ಎಂದು ಹೇಳಿ ಜಾರಿಕೊಂಡೆ.

ಕೆಲಸಕ್ಕೆ ಸೇರುತ್ತಿರುವವರಿಗೆ ಹೇಳುವುದಿಷ್ಟೇ. ಹೋಟೆಲು ಕಲಿಸುವ ನಿಯಮವನ್ನು ಚೆನ್ನಾಗಿ ಕಲಿಯಿರಿ. ಆದರೆ ಒಬ್ಬರು ಕೂತೇ ಇದ್ದಾರೆ, ಏಕೆಂದು ನಿಮಗೆ ಗೊತ್ತಿದೆ ಎಂದಾದರೆ, ಆ ನಿಯಮದ ಹಿಂದೆ ಅಡಗಿಕೊಳ್ಳಬೇಡಿ.

ಹೋದ ತಿಂಗಳು ವಾಳಪೈಗೆ ಹೋಗಿದ್ದೆ. ಅಕ್ಕನಿಗೆ ಈಗ ಎಪ್ಪತ್ತೈದು ದಾಟಿದೆ, ಇನ್ನೂ ಬೆಳಗಿನ ಹೊತ್ತು ಅಂಗಡಿಯಲ್ಲಿ ಕೂರುತ್ತಾಳೆ. ಇಲ್ಲಿಯವರೆಗೆ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದಳು. ಸೀರೆಯ ಬಣ್ಣ ಬರೆದಿಲ್ಲವಲ್ಲ, ಬೀಗತಿ ಹಸಿರು ಇಳಕಲ್ ಉಟ್ಟಿದ್ದರು ಎಂದಳು. ಆಗ ಅವಳನ್ನು ಒಂದು ಮಾತು ಕೇಳಿದೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಅಷ್ಟರಲ್ಲಿ ಗಿರಾಕಿ ಬಂದರು. ಆಮೇಲೆ ಫೋನಿನಲ್ಲಿ ಎರಡು ಸಲ ಮಾತಾಡಿದ್ದೇವೆ. ರೇಖಾಳ ಮಗನ ವಿಷಯ, ನನ್ನ ಮೊಣಕಾಲಿನ ವಿಷಯ. ಅದರ ಮಾತು ಅವಳು ಎತ್ತಿಲ್ಲ, ನಾನೂ ಎತ್ತಿಲ್ಲ. ನಾನು ಕೇಳಿದ್ದು ಇಷ್ಟು:

"ಗಂಗಕ್ಕ, ಕಾರಿನ ಹತ್ರ ನಿಂತು, ಆಕಿಗೆ ಗೊತ್ತಾಗಿಲ್ಲ ಅಂದಿಯಲ್ಲ, ಅದನ್ನ ಖರೇ ಅಂತ ನಂಬಿ ಅಂದಿದ್ದಿಯೇನು?"